ಮಹಾವ್ಯಾಧನ ಸುತ್ತಮುತ್ತ: ನಕ್ಷತ್ರಗಳ ಹುಟ್ಟು, ಬಾಳು, ಕೊನೆ

ರೋಹಿಣಿ, ಮೃಗಶಿರಾ, ಆರಿದ್ರಾ ಎಂಬ ಹೆಸರುಗಳು ಕರ್ನಾಟಕದ ರೈತರಿಗೆ ಮೊದಲು ಮಳೆಗಳ ಹೆಸರು, ಆಮೇಲೆ ನಕ್ಷತ್ರಗಳ ಹೆಸರು. ಸೂರ್ಯ ಯಾವ ನಕ್ಷತ್ರದ ನೇರದಲ್ಲಿ ಸಾಗುತ್ತಿರುತ್ತಾನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರನ್ನೇ ಕೊಡುವುದು ಪಂಚಾಂಗದ ಲೆಕ್ಕ. ಹಾಗಾಗಿ ಜೂನ್ ತಿಂಗಳ ಕೊನೆಯಲ್ಲಿ ಆರಿದ್ರಾ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರ ಹಗಲಿನ ಆಕಾಶದಲ್ಲಿ ಸೂರ್ಯನ ಆಸುಪಾಸಿನಲ್ಲೇ ಇದ್ದು, ಮೋಡವಿಲ್ಲದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡಲು ಆರು ತಿಂಗಳು ಕಾಯಬೇಕು. ಡಿಸೆಂಬರಿನಲ್ಲಿ ಸಂಜೆ ಕಳೆಯುತ್ತಿದ್ದಂತೆ ಪೂರ್ವದಲ್ಲಿ ಏಳುವ ಈ ನಕ್ಷತ್ರಗಳ ಗುಂಪು ಮಾರ್ಚ್‌ವರೆಗೆ, ಅಂದರೆ ನಮ್ಮಲ್ಲಿ ಆಕಾಶ ಅತ್ಯಂತ ತಿಳಿಯಾಗಿರುವ ತಿಂಗಳುಗಳಲ್ಲಿ, ರಾತ್ರಿಯ ಮೊದಲ ಜಾವದಲ್ಲೇ ಕಾಣಸಿಗುತ್ತದೆ.

ಗುರುತು ಹಿಡಿಯುವುದು ಸುಲಭ. ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ, ಫೆಬ್ರುವರಿ ಮಧ್ಯದಲ್ಲಿ ಎಂಟರ ಸುಮಾರಿಗೆ, ನೆತ್ತಿಯಿಂದ ತುಸು ದಕ್ಷಿಣಕ್ಕೆ ಒಂದೇ ಸಾಲಿನಲ್ಲಿ ಸಮಾನ ಅಂತರದಲ್ಲಿರುವ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಒರಾಯನ್‌ನ, ಸೊಂಟಪಟ್ಟಿ. ಅದರ ಉತ್ತರಕ್ಕೆ ಕೆಂಪು ಛಾಯೆಯ ಆರ್ದ್ರಾ, ದಕ್ಷಿಣಕ್ಕೆ ಅಷ್ಟೇ ದೂರದಲ್ಲಿ ನೀಲಿ ಬಿಳುಪಿನ ರೈಜೆಲ್ ಇವೆ. ಸೊಂಟಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ರಾತ್ರಿಯ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರವಾದ ಲುಬ್ಧಕ ಸಿಗುತ್ತದೆ. ವಾಯವ್ಯಕ್ಕೆ ಎಳೆದರೆ ರೋಹಿಣಿ, ಇನ್ನೂ ಮುಂದಕ್ಕೆ ಹೋದರೆ ಕೃತ್ತಿಕೆಯ ಗೊಂಚಲು. ಆಕಾಶದ ಈ ಒಂದು ಪಟ್ಟಿಯಲ್ಲಿ ನಕ್ಷತ್ರ ಜೀವನದ ಹೆಚ್ಚುಕಡಿಮೆ ಎಲ್ಲ ಹಂತಗಳೂ ಅಕ್ಕಪಕ್ಕದಲ್ಲೇ ಇವೆ. ಆ ಜೀವನ ಎಂಥದು ಎಂಬುದನ್ನು ಪುಸ್ತಕದ ಚಿತ್ರಗಳಿಗಿಂತ ಇಲ್ಲಿಂದಲೇ ಅರ್ಥ ಮಾಡಿಕೊಳ್ಳುವುದು ಮೇಲು ಎಂದು ನನಗನ್ನಿಸುತ್ತದೆ.

ಒಂದು ನಕ್ಷತ್ರ ಹುಟ್ಟಿ ಬೆಳೆದು ಸಾಯುವುದನ್ನು ಯಾರೂ ನೋಡಿಲ್ಲ, ನೋಡಲು ಸಾಧ್ಯವೂ ಇಲ್ಲ. ಅತಿ ಅಲ್ಪಾಯುಷಿ ನಕ್ಷತ್ರವೂ ಹಲವು ಲಕ್ಷ ವರ್ಷಗಳನ್ನು ಬಾಳುತ್ತದೆ, ಮನುಷ್ಯ ದೂರದರ್ಶಕದಿಂದ ಆಕಾಶ ನೋಡಲು ತೊಡಗಿ ಇನ್ನೂ ನಾಲ್ಕು ಶತಮಾನಗಳಷ್ಟೇ ಆಗಿವೆ. ಆದರೂ ಈ ಕಥೆ ತಿಳಿಯಲು ಸಾಧ್ಯವಾದದ್ದು ಹೇಗೆಂದರೆ, ಮನುಷ್ಯರನ್ನೇ ಕಾಣದ ಒಬ್ಬ ಪರದೇಶಿ ಒಂದು ದಿನದ ಮಟ್ಟಿಗೆ ಜಾತ್ರೆಯೊಂದಕ್ಕೆ ಬಂದರೆ, ಕಂಕುಳಲ್ಲಿರುವ ಕೂಸು, ಓಡಾಡುವ ಹುಡುಗರು, ಅಂಗಡಿ ನಡೆಸುವ ನಡುವಯಸ್ಕರು, ಕೋಲೂರಿ ನಡೆಯುವ ಮುದುಕರು ಎಲ್ಲರನ್ನೂ ಒಟ್ಟಿಗೇ ಕಂಡು, ಇವರೆಲ್ಲ ಒಂದೇ ಬಗೆಯ ಜೀವಿಯ ಬೇರೆ ಬೇರೆ ವಯಸ್ಸುಗಳು ಎಂದು ಊಹಿಸಬಲ್ಲನಲ್ಲ, ಹಾಗೆ. ಆದರೆ ನಕ್ಷತ್ರಗಳ ವಿಷಯದಲ್ಲಿ ಆ ಊಹೆಗೆ ಒಂದು ತೊಡಕಿದೆ. ಎರಡು ನಕ್ಷತ್ರಗಳು ಬೇರೆಯಾಗಿ ಕಾಣುವುದು ವಯಸ್ಸಿನ ವ್ಯತ್ಯಾಸದಿಂದಲೂ ಇರಬಹುದು, ಹುಟ್ಟಿನಲ್ಲೇ ಪಡೆದ ದ್ರವ್ಯರಾಶಿಯ ವ್ಯತ್ಯಾಸದಿಂದಲೂ ಇರಬಹುದು. ಇವೆರಡನ್ನು ಬಿಡಿಸಿ ನೋಡಲು ಖಗೋಳ ವಿಜ್ಞಾನಿಗಳಿಗೆ ಇಪ್ಪತ್ತನೆಯ ಶತಮಾನದ ಅರ್ಧದಷ್ಟು ಕಾಲ ಹಿಡಿಯಿತು.

ಮೊದಲು ನಕ್ಷತ್ರ ಎಂದರೇನು ಎಂಬುದನ್ನು ನೋಡೋಣ. ಅದು ತನ್ನದೇ ಗುರುತ್ವದಿಂದ ಒಳಕ್ಕೆ ಕುಸಿಯಲು ಹವಣಿಸುವ, ಒಳಗಿನ ಬಿಸಿಯ ಒತ್ತಡದಿಂದ ಕುಸಿಯದೆ ನಿಂತಿರುವ ಅನಿಲದ ಗೋಳ. ಬಿಸಿ ಮೇಲ್ಮೈಯಿಂದ ಸೋರಿಹೋಗುತ್ತಲೇ ಇರುವುದರಿಂದ ಅದನ್ನು ಒಳಗಿನಿಂದ ತುಂಬಿಕೊಡುತ್ತಲೇ ಇರಬೇಕು. ಸೂರ್ಯನ ಕೇಂದ್ರದಲ್ಲಿ ಸುಮಾರು 1.5 ಕೋಟಿ ಡಿಗ್ರಿ ತಾಪವಿದ್ದು, ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆದು ಹೀಲಿಯಂ ಆಗುತ್ತದೆ. ಈ ಬೆಸುಗೆಯಲ್ಲಿ ಕಡಿಮೆಯಾಗುವ 40 ಲಕ್ಷ ಟನ್‌ಗೂ ಮಿಕ್ಕ ದ್ರವ್ಯವೇ ಶಕ್ತಿಯಾಗಿ ಹೊರಬರುತ್ತದೆ. ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಹೈಡ್ರೋಜನ್ ಎಂಬುದೇ 1925ರವರೆಗೆ ಗೊತ್ತಿರಲಿಲ್ಲ. ಮೇಘನಾದ ಸಾಹಾ 1920ರಲ್ಲಿ ತಾಪಕ್ಕೂ ನಕ್ಷತ್ರದ ರೋಹಿತದಲ್ಲಿ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಲ್ಲಿ, ಕಾಣುವ ಗೆರೆಗಳಿಗೂ ಇರುವ ಸಂಬಂಧವನ್ನು ಸಮೀಕರಣವಾಗಿ ಬರೆದುಕೊಟ್ಟರು. ಅದನ್ನು ಬಳಸಿ ಹಾರ್ವರ್ಡ್‌ನಲ್ಲಿ ಸಿಸಿಲಿಯಾ ಪೇನ್ ಎಂಬ ಯುವ ವಿಜ್ಞಾನಿ ನಕ್ಷತ್ರಗಳ ಘಟಕಗಳನ್ನು ಲೆಕ್ಕಹಾಕಿದಾಗ ಹೈಡ್ರೋಜನ್ ಉಳಿದೆಲ್ಲವನ್ನೂ ಮೀರಿಸಿ ನಿಂತಿತು. ಹಿರಿಯರಿಗೆ ಅದು ಎಷ್ಟು ಅಸಂಭವವೆನಿಸಿತೆಂದರೆ, ಆಕೆ ತನ್ನ ಪ್ರಬಂಧದಲ್ಲಿ ಆ ಫಲಿತಾಂಶ ಬಹುಶಃ ನಿಜವಲ್ಲ ಎಂದು ಬರೆಯಬೇಕಾಯಿತು. ಕೆಲವೇ ವರ್ಷಗಳಲ್ಲಿ ಆಕೆಯ ಲೆಕ್ಕವೇ ಸರಿಯೆಂದು ಎಲ್ಲರೂ ಒಪ್ಪಿದರು. ಹೈಡ್ರೋಜನ್ ಹೀಲಿಯಂ ಆಗುವ ಪರಮಾಣು ಕ್ರಿಯೆಗಳ ವಿವರವನ್ನು ಹ್ಯಾನ್ಸ್ ಬೆಥೆ 1930ರ ದಶಕದ ಕೊನೆಯಲ್ಲಿ ಬಿಡಿಸಿಟ್ಟರು.

ಹುಟ್ಟನ್ನು ನೋಡಬೇಕಾದರೆ ಮಹಾವ್ಯಾಧನ ಸೊಂಟಪಟ್ಟಿಯ ಕೆಳಗೆ ಇಳಿಬಿದ್ದಿರುವ ಖಡ್ಗದತ್ತ ಕಣ್ಣು ಹಾಯಿಸಬೇಕು. ಅದರ ನಡುವಿನ 'ನಕ್ಷತ್ರ' ಕತ್ತಲಿರುವ ಊರುಗಳಲ್ಲಿ ಬರಿಗಣ್ಣಿಗೂ ತುಸು ಮಸುಕಾಗಿ, ಅಂಚಿಲ್ಲದಂತೆ ಕಾಣುತ್ತದೆ. ಅದು ಸುಮಾರು 1,350 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರದಲ್ಲಿರುವ ಮಹಾವ್ಯಾಧ ನೀಹಾರಿಕೆ, ಇಪ್ಪತ್ತಕ್ಕೂ ಹೆಚ್ಚು ಜ್ಯೋತಿರ್ವರ್ಷ ಅಗಲದ ಅನಿಲ ಮತ್ತು ದೂಳಿನ ರಾಶಿ. ಇಂಥ ಮೋಡಗಳ ತಣ್ಣನೆಯ, ದಟ್ಟವಾದ ಭಾಗಗಳು ತಮ್ಮ ಭಾರಕ್ಕೆ ತಾವೇ ಕುಸಿದು, ಕುಸಿಯುತ್ತಾ ಬಿಸಿಯೇರಿ, ಕೇಂದ್ರದಲ್ಲಿ ಬೆಸುಗೆ ಶುರುವಾಗುವಷ್ಟು ತಾಪ ಬಂದಾಗ ನಕ್ಷತ್ರಗಳಾಗುತ್ತವೆ. ಒಂದು ಮೋಡದಿಂದ ಒಂದೇ ನಕ್ಷತ್ರ ಹುಟ್ಟುವುದು ಅಪರೂಪ, ನೂರಾರು ಸಾವಿರಾರು ಒಟ್ಟಿಗೇ ಹುಟ್ಟುತ್ತವೆ. ಈ ನೀಹಾರಿಕೆಯ ನಡುವೆ ಚಿಕ್ಕ ದೂರದರ್ಶಕದಲ್ಲೂ ಬಿಡಿಬಿಡಿಯಾಗಿ ಕಾಣುವ ನಾಲ್ಕು ನಕ್ಷತ್ರಗಳಿವೆ. ಅವುಗಳಲ್ಲಿ ಅತಿ ಪ್ರಖರವಾದದ್ದು ಸೂರ್ಯನ ಮೂವತ್ತು ಪಟ್ಟಿಗೂ ಹೆಚ್ಚು ದ್ರವ್ಯರಾಶಿಯುಳ್ಳದ್ದು. ಇಡೀ ನೀಹಾರಿಕೆ ಹೊಳೆಯುವುದು ಬಹುಮಟ್ಟಿಗೆ ಅದರ ನೇರಳಾತೀತ ಬೆಳಕಿನಿಂದ. ಅದರ ಸುತ್ತಲಿನ ನಕ್ಷತ್ರಗಳ ವಯಸ್ಸು ಹತ್ತಿಪ್ಪತ್ತು ಲಕ್ಷ ವರ್ಷ ಮಾತ್ರ. ಅವುಗಳಲ್ಲಿ ಅನೇಕವನ್ನು ಇನ್ನೂ ದೂಳಿನ ತಟ್ಟೆಗಳು ಸುತ್ತುವರಿದಿರುವುದನ್ನು 1990ರ ದಶಕದಲ್ಲಿ ಹಬಲ್ ದೂರದರ್ಶಕದ ಚಿತ್ರಗಳು ತೋರಿಸಿದವು. ಗ್ರಹಗಳು ರೂಪುಗೊಳ್ಳುವುದು ಅಂಥ ತಟ್ಟೆಗಳಲ್ಲೇ.

ಕೃತ್ತಿಕೆ ಮುಂದಿನ ಹಂತ. ಸುಮಾರು 440 ಜ್ಯೋತಿರ್ವರ್ಷ ದೂರದ ಈ ಗೊಂಚಲಿನಲ್ಲಿ ಬರಿಗಣ್ಣಿಗೆ ಆರೇಳು, ದುರ್ಬೀನಿನಲ್ಲಿ ಹತ್ತಾರು ಕಂಡರೂ ಒಟ್ಟು ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ವಯಸ್ಸು ಸುಮಾರು 10 ಕೋಟಿ ವರ್ಷ; ಹುಟ್ಟಿದ ಮೋಡ ಚದುರಿಹೋಗಿದೆ, ಗುಂಪು ಮಾತ್ರ ಉಳಿದಿದೆ.

ವಿಜ್ಞಾನಿಗಳಿಗೆ ಇಂಥ ಗೊಂಚಲುಗಳು ಬಹಳ ಬೆಲೆಯುಳ್ಳವು, ಏಕೆಂದರೆ ಮೇಲೆ ಹೇಳಿದ ತೊಡಕನ್ನು ಬಿಡಿಸಿದ್ದು ಇವೇ. ಗೊಂಚಲಿನ ಎಲ್ಲ ನಕ್ಷತ್ರಗಳೂ ಒಂದೇ ವಯಸ್ಸಿನವು, ಒಂದೇ ದೂರದಲ್ಲಿರುವವು. ಆದ್ದರಿಂದ ಅವುಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ದ್ರವ್ಯರಾಶಿಯೇ ಕಾರಣವಾಗಿರಬೇಕು. ಹೀಗೆ ಹೋಲಿಸಿ ನೋಡಿದಾಗ ತಿಳಿದದ್ದು ಮೊದಲ ಕೇಳ್ವಿಗೆ ತಲೆಕೆಳಗಾಗಿ ತೋರುವ ಸಂಗತಿ: ಹೆಚ್ಚು ಇಂಧನ ಪಡೆದು ಹುಟ್ಟಿದ ನಕ್ಷತ್ರವೇ ಬೇಗ ಸಾಯುತ್ತದೆ. ಭಾರ ಹೆಚ್ಚಿದಷ್ಟೂ ಅದನ್ನು ಹೊರಲು ಕೇಂದ್ರ ಹೆಚ್ಚು ಬಿಸಿಯಾಗಿರಬೇಕು, ಮತ್ತು ತಾಪ ಸ್ವಲ್ಪ ಏರಿದರೂ ಬೆಸುಗೆಯ ವೇಗ ವಿಪರೀತ ಏರುತ್ತದೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ನಕ್ಷತ್ರ ಸೂರ್ಯನಿಗಿಂತ ಸಾವಿರಾರು ಪಟ್ಟು ಬೆಳಗುತ್ತದೆ. ಹತ್ತು ಪಟ್ಟು ಇಂಧನವನ್ನು ಸಾವಿರಾರು ಪಟ್ಟು ವೇಗದಲ್ಲಿ ಸುಟ್ಟರೆ ಆಯುಷ್ಯ ಎರಡು ಮೂರು ಕೋಟಿ ವರ್ಷಕ್ಕೆ ಮುಗಿಯುತ್ತದೆ. ಸೂರ್ಯನ ಆಯುಷ್ಯ ಸುಮಾರು 1,000 ಕೋಟಿ ವರ್ಷ, ಅದರಲ್ಲಿ 460 ಕೋಟಿ ಕಳೆದಿದೆ. ಸೂರ್ಯನ ಹತ್ತನೆಯ ಒಂದು ಭಾಗದಷ್ಟು ತೂಗುವ ಕೆಂಪು ಕುಬ್ಜಗಳು ಲಕ್ಷ ಕೋಟಿ ವರ್ಷಗಳನ್ನೂ ಮೀರಿ ಉರಿಯಬಲ್ಲವು. ವಿಶ್ವದ ವಯಸ್ಸೇ 1,380 ಕೋಟಿ ವರ್ಷವಾದ್ದರಿಂದ ಅವುಗಳಲ್ಲಿ ಒಂದೂ ಈತನಕ ಮುಪ್ಪಿನಿಂದ ಸತ್ತಿಲ್ಲ.

ನಮ್ಮ ಕಣ್ಣು ಈ ವಿಷಯದಲ್ಲಿ ಒಳ್ಳೆಯ ಸಾಕ್ಷಿಯಲ್ಲ ಎಂಬುದನ್ನೂ ಹೇಳಬೇಕು. ನಕ್ಷತ್ರಗಳಲ್ಲಿ ಮುಕ್ಕಾಲು ಪಾಲು ಕೆಂಪು ಕುಬ್ಜಗಳೇ ಆದರೂ ಬರಿಗಣ್ಣಿಗೆ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ, 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಯ ಕೂಡ ಕಾಣುವುದಿಲ್ಲ. ನಾವು ನೋಡಿ ಮೆಚ್ಚುವ ಪ್ರಖರ ನಕ್ಷತ್ರಗಳಲ್ಲಿ ಹೆಚ್ಚಿನವು ಅಪರೂಪದ, ದುಂದುಗಾರ ನಕ್ಷತ್ರಗಳು.

ರೋಹಿಣಿಯನ್ನು ನೋಡುವುದೆಂದರೆ ಸೂರ್ಯನ ಮುಂದಿನ ದಿನಗಳನ್ನು ನೋಡಿದಂತೆ. 65 ಜ್ಯೋತಿರ್ವರ್ಷ ದೂರದ ಈ ನಕ್ಷತ್ರದ ದ್ರವ್ಯರಾಶಿ ಸೂರ್ಯನಿಗಿಂತ ತುಸುವೇ ಹೆಚ್ಚು, ಆದರೆ ವ್ಯಾಸ ಸುಮಾರು 44 ಪಟ್ಟು. ಕೇಂದ್ರದಲ್ಲಿ ಹೈಡ್ರೋಜನ್ ಮುಗಿದಾಗ ಅಲ್ಲಿ ಉಳಿದ ಹೀಲಿಯಂ ಗಟ್ಟಿ ಕುಗ್ಗಿ ಇನ್ನಷ್ಟು ಬಿಸಿಯಾಗುತ್ತದೆ. ಅದರ ಸುತ್ತಲಿನ ಪದರದಲ್ಲಿ ಹೈಡ್ರೋಜನ್ ಮೊದಲಿಗಿಂತ ಜೋರಾಗಿ ಉರಿಯತೊಡಗಿ, ಹೊರಭಾಗ ಹಿಗ್ಗಿ ತಣ್ಣಗಾಗಿ ಕೆಂಪೇರುತ್ತದೆ. ಇದೇ ಕೆಂಪು ದೈತ್ಯ. ಸುಮಾರು 500 ಕೋಟಿ ವರ್ಷಗಳ ನಂತರ ಸೂರ್ಯನೂ ಹೀಗೆ ಹಿಗ್ಗಿ ಬುಧ ಶುಕ್ರರನ್ನು ನುಂಗುವನು. ಕೊನೆಗೆ ಹೊರಪದರಗಳು ಬಾಹ್ಯಾಕಾಶಕ್ಕೆ ಕಳಚಿಹೋಗಿ ಭೂಮಿಯ ಗಾತ್ರದ ಬರಿಯ ತಿರುಳು ಉಳಿಯುತ್ತದೆ. ಆ ತಿರುಳಿಗೆ ಶ್ವೇತ ಕುಬ್ಜ ಎಂದು ಹೆಸರು.

ಅಂಥ ಒಂದು ತಿರುಳು ಲುಬ್ಧಕದ ಬೆಳಕಿನಲ್ಲೇ ಅಡಗಿದೆ. ಲುಬ್ಧಕ ನೇರವಾಗಿ ಚಲಿಸದೆ ತುಸು ಓಲಾಡುತ್ತಾ ಸಾಗುವುದನ್ನು ಗಮನಿಸಿ, ಕಾಣದ ಜೊತೆಗಾರನೊಂದು ಅದನ್ನು ಎಳೆಯುತ್ತಿದೆ ಎಂದು ಜರ್ಮನಿಯ ಬೆಸೆಲ್ 1844ರಲ್ಲಿ ಹೇಳಿದ್ದರು. 1862ರ ಜನವರಿ 31ರಂದು ಅಮೆರಿಕದಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸದಾಗಿ ಉಜ್ಜಿದ ಮಸೂರವೊಂದನ್ನು ಪರೀಕ್ಷಿಸಲು ಅದನ್ನು ಲುಬ್ಧಕದತ್ತ ತಿರುಗಿಸಿದಾಗ ಆ ಜೊತೆಗಾರ ಚಿಕ್ಕ ಚುಕ್ಕೆಯಾಗಿ ಕಾಣಿಸಿತು. ಸುಮಾರು 50 ವರ್ಷಕ್ಕೊಮ್ಮೆ ಎರಡೂ ಒಂದನ್ನೊಂದು ಸುತ್ತುತ್ತವೆ. ಚುಕ್ಕೆಯ ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟು, ಗಾತ್ರ ಮಾತ್ರ ಭೂಮಿಯಷ್ಟು. ಅದರ ಒಂದು ಘನ ಸೆಂಟಿಮೀಟರ್ ದ್ರವ್ಯ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ.

ಇಲ್ಲಿ ಒಂದು ಒಗಟಿದೆ. ಜೊತೆಯಾಗಿ ಹುಟ್ಟಿದ ಎರಡು ನಕ್ಷತ್ರಗಳಲ್ಲಿ ಭಾರವಾದದ್ದು ಮೊದಲು ಸಾಯಬೇಕು. ಲುಬ್ಧಕದ ಮುಖ್ಯ ನಕ್ಷತ್ರ ಸೂರ್ಯನ ಎರಡು ಪಟ್ಟು ತೂಗಿಯೂ ಇನ್ನೂ ಹೈಡ್ರೋಜನ್ ಉರಿಸುತ್ತಾ ಯೌವನದಲ್ಲಿದೆ, ಅದರ ಅರ್ಧದಷ್ಟು ತೂಗುವ ಸಂಗಾತಿ ಸತ್ತು ತಿರುಳಾಗಿದೆ. ಉತ್ತರವೇನೆಂದರೆ, ಇಂದು ಹಗುರವಾಗಿರುವ ಸಂಗಾತಿ ಹುಟ್ಟಿದಾಗ ಸೂರ್ಯನ ಸುಮಾರು ಐದು ಪಟ್ಟು ತೂಗುತ್ತಿತ್ತು. ಬೇಗ ಉರಿದು, ಹಿಗ್ಗಿ, ನಾಲ್ಕರಷ್ಟು ಪಾಲನ್ನು ಹೊರಚೆಲ್ಲಿ ಒಂದು ಪಾಲನ್ನು ಉಳಿಸಿಕೊಂಡಿದೆ. ನಕ್ಷತ್ರಗಳು ಸಾಯುವಾಗ ತಮ್ಮ ಬಹುಭಾಗವನ್ನು ಹಿಂದಿರುಗಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಸಮೀಪದ ಸಾಕ್ಷ್ಯ ಇಲ್ಲ. ಲುಬ್ಧಕ ನಮ್ಮಿಂದ 8.6 ಜ್ಯೋತಿರ್ವರ್ಷ ಮಾತ್ರ ದೂರದಲ್ಲಿದೆ.

ಶ್ವೇತ ಕುಬ್ಜದೊಳಗೆ ಬೆಸುಗೆ ನಿಂತುಹೋಗಿದ್ದರೂ ಅದು ಕುಸಿಯುವುದಿಲ್ಲ, ಏಕೆಂದರೆ ಒತ್ತೊತ್ತಾಗಿ ಸೇರಿದ ಎಲೆಕ್ಟ್ರಾನುಗಳು ಒಂದು ಮಿತಿಗಿಂತ ಹತ್ತಿರ ಬರಲು ಒಪ್ಪುವುದಿಲ್ಲ. ಆದರೆ ಆ ಪ್ರತಿರೋಧಕ್ಕೂ ಒಂದು ಎಲ್ಲೆಯಿದೆ. 1930ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಪ್ರಯಾಣದಲ್ಲೇ ಲೆಕ್ಕ ಹಾಕುತ್ತಾ ಆ ಎಲ್ಲೆಯನ್ನು ಕಂಡರು. ಇಂದು ಅದನ್ನು ಸೂರ್ಯನ 1.4 ಪಟ್ಟು ಎಂದು ಹೇಳುತ್ತೇವೆ. ಅದಕ್ಕಿಂತ ಭಾರವಾದ ತಿರುಳು ಶ್ವೇತ ಕುಬ್ಜವಾಗಿ ನಿಲ್ಲಲಾರದು. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಅವರು ಇದನ್ನು ಮಂಡಿಸಿದಾಗ, ಆ ಕಾಲದ ಅತಿ ದೊಡ್ಡ ಹೆಸರಾಗಿದ್ದ ಎಡಿಂಗ್ಟನ್ ಎದ್ದು ನಿಂತು ಗೇಲಿ ಮಾಡಿದರು. ಲೆಕ್ಕ ಸರಿಯಿತ್ತು, ವಿರೋಧ ಅಭಿರುಚಿಯದಾಗಿತ್ತು. ಚಂದ್ರಶೇಖರ್ ಅವರಿಗೆ ನೊಬೆಲ್ ಬಂದದ್ದು 1983ರಲ್ಲಿ.

ಆ ಎಲ್ಲೆಯನ್ನು ಮೀರಲಿರುವ ನಕ್ಷತ್ರಕ್ಕೆ ಆರ್ದ್ರಾ ಉದಾಹರಣೆ. 1920ರ ಡಿಸೆಂಬರಿನಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮೈಕೆಲ್ಸನ್ ಮತ್ತು ಪೀಸ್ ಅಳೆದ ಆರ್ದ್ರಾದ ವ್ಯಾಸವೇ ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರವೊಂದರ ವ್ಯಾಸದ ಮೊದಲ ಅಳತೆ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಮಂಗಳನ ಕಕ್ಷೆಯನ್ನೂ ದಾಟಿ ಹಬ್ಬುತ್ತದೆ. ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು ಮಾತ್ರ, ಆದರೂ ಅದು ಮುಪ್ಪಿನ ಕೊನೆಯಲ್ಲಿದೆ. 2019ರ ಕೊನೆಯಲ್ಲಿ ಅದು ಮಂಕಾಗತೊಡಗಿ 2020ರ ಫೆಬ್ರುವರಿಯ ಹೊತ್ತಿಗೆ ಎಂದಿನ ಹೊಳಪಿನ ಮೂರನೆಯ ಒಂದು ಭಾಗಕ್ಕೆ ಇಳಿದಾಗ, ಇನ್ನೇನು ಸಿಡಿಯುತ್ತದೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ನಡೆದದ್ದು ಬೇರೆ: ನಕ್ಷತ್ರ ತನ್ನ ಮೇಲ್ಮೈಯಿಂದ ಭಾರೀ ಪ್ರಮಾಣದ ಅನಿಲವನ್ನು ಉಗುಳಿತ್ತು, ಅದು ತಣಿದು ದೂಳಾಗಿ ನಮ್ಮ ದೃಷ್ಟಿಗೆ ಅಡ್ಡ ನಿಂತಿತ್ತು. ಕೆಲವೇ ತಿಂಗಳಲ್ಲಿ ಹೊಳಪು ಮರಳಿತು. ಆರ್ದ್ರಾ ಸಿಡಿಯುವುದು ಖಂಡಿತ, ಆದರೆ ಮುಂದಿನ ಒಂದು ಲಕ್ಷ ವರ್ಷಗಳಲ್ಲಿ ಯಾವಾಗಲಾದರೂ ಎಂಬುದಕ್ಕಿಂತ ನಿಖರವಾಗಿ ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ಭೂಮಿಗೆ ಅಪಾಯವೂ ಇಲ್ಲ.

ಇಂಥ ಭಾರೀ ನಕ್ಷತ್ರದ ಕೊನೆ ಹಂತಹಂತವಾಗಿ ವೇಗ ಪಡೆಯುತ್ತದೆ. ಸೂರ್ಯನ ಇಪ್ಪತ್ತು ಇಪ್ಪತ್ತೈದು ಪಟ್ಟು ತೂಗುವ ನಕ್ಷತ್ರದಲ್ಲಿ ಹೈಡ್ರೋಜನ್ ಉರಿಯಲು ಎಪ್ಪತ್ತು ಎಂಬತ್ತು ಲಕ್ಷ ವರ್ಷ ಹಿಡಿದರೆ, ಹೀಲಿಯಂ ಮುಗಿಯಲು ಕೆಲವು ಲಕ್ಷ ವರ್ಷ, ಕಾರ್ಬನ್‌ಗೆ ಕೆಲವು ನೂರು ವರ್ಷ, ನಿಯಾನ್‌ಗೆ ಸುಮಾರು ಒಂದು ವರ್ಷ, ಆಕ್ಸಿಜನ್‌ಗೆ ಕೆಲವು ತಿಂಗಳು ಸಾಕು. ಸಿಲಿಕಾನ್ ಉರಿದು ಕಬ್ಬಿಣವಾಗಲು ಒಂದು ದಿನ. ಕಬ್ಬಿಣವನ್ನು ಬೆಸೆದರೆ ಶಕ್ತಿ ಹುಟ್ಟುವುದಿಲ್ಲ, ಬದಲಿಗೆ ಖರ್ಚಾಗುತ್ತದೆ. ಹಾಗಾಗಿ ಕಬ್ಬಿಣದ ತಿರುಳು ಎಲ್ಲೆ ಮೀರಿದೊಡನೆ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ, ಇನ್ನೂ ಭಾರವಾಗಿದ್ದರೆ ಕಪ್ಪುಕುಳಿಯಾಗಬಹುದು. ಹೊರಪದರಗಳು ಸಾಮಾನ್ಯವಾಗಿ ಸಿಡಿದು ಸೂಪರ್‌ನೋವಾ ಆಗುತ್ತವೆ. ನಾವು ಕಾಣುವ ಆ ಮಹಾಪ್ರಕಾಶ ಒಟ್ಟು ಶಕ್ತಿಯ ಶೇಕಡಾ ಒಂದಕ್ಕೂ ಕಡಿಮೆ. ಉಳಿದದ್ದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನ್ಯೂಟ್ರಿನೊಗಳು, ಅಂದರೆ ಯಾವುದನ್ನಾದರೂ ಬಹುತೇಕ ತಡೆಯಿಲ್ಲದೆ ತೂರಿಹೋಗುವ ಅತಿ ಹಗುರ ಕಣಗಳು, ಹೊತ್ತೊಯ್ಯುತ್ತವೆ. 1987ರ ಫೆಬ್ರುವರಿ 23ರಂದು ನೆರೆಯ ಗೆಲಾಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದದ್ದು ಕಂಡಾಗ, ಅದರ ಬೆಳಕಿಗಿಂತ ಕೆಲವು ಗಂಟೆ ಮೊದಲೇ ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಭೂಗತ ಉಪಕರಣಗಳಲ್ಲಿ ಒಟ್ಟು ಎರಡು ಡಜನ್‌ನಷ್ಟು ನ್ಯೂಟ್ರಿನೊಗಳು ದಾಖಲಾಗಿದ್ದವು. ಇದಕ್ಕೂ ಎರಡು ದಶಕ ಮೊದಲು, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಪತ್ತೆ ಮಾಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ.

ಸಿಡಿತದ ಅವಶೇಷವೂ ಇದೇ ಪಟ್ಟಿಯಲ್ಲಿದೆ. 1054ರ ಜುಲೈಯಲ್ಲಿ, ಕಲ್ಯಾಣದಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರ ಆಳುತ್ತಿದ್ದ ಕಾಲಕ್ಕೆ, ವೃಷಭದ ಕೊಂಬಿನ ತುದಿಯ ಬಳಿ ಹೊಸ ನಕ್ಷತ್ರವೊಂದು ಕಾಣಿಸಿ 23 ದಿನ ಹಗಲಿನಲ್ಲೂ ಗೋಚರಿಸಿತೆಂದು ಚೀನಾದ ಆಸ್ಥಾನ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಅದೇ ಜಾಗದಲ್ಲಿ ಇಂದು ಸುಮಾರು 6,500 ಜ್ಯೋತಿರ್ವರ್ಷ ದೂರದ ಏಡಿ ನೀಹಾರಿಕೆ ಹಿಗ್ಗುತ್ತಿದೆ. ಅದರ ನಡುವೆ ಇಪ್ಪತ್ತು ಕಿಲೋಮೀಟರ್ ಅಡ್ಡಗಲದ, ಸೂರ್ಯನಿಗಿಂತ ಭಾರವಾದ ನ್ಯೂಟ್ರಾನ್ ನಕ್ಷತ್ರವೊಂದು ಸೆಕೆಂಡಿಗೆ 30 ಸುತ್ತು ತಿರುಗುತ್ತಿರುವುದು 1968ರಲ್ಲಿ ತಿಳಿಯಿತು.

ಆಕಾಶದಲ್ಲಿ ಕಾಣುವ ನಕ್ಷತ್ರಗಳೆಲ್ಲ ಎಂದೋ ಸತ್ತುಹೋಗಿವೆ, ನಾವು ನೋಡುತ್ತಿರುವುದು ಹಳೆಯ ಬೆಳಕನ್ನು ಮಾತ್ರ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೇಳಲು ಚೆಂದ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಬಹುತೇಕ ಕೆಲವು ಸಾವಿರ ಜ್ಯೋತಿರ್ವರ್ಷದೊಳಗಿನವು. ಲಕ್ಷ, ಕೋಟಿ ವರ್ಷ ಬಾಳುವ ನಕ್ಷತ್ರದ ಬೆಳಕು ಸಾವಿರ ವರ್ಷ ಹಳೆಯದಾದ ಮಾತ್ರಕ್ಕೆ ಅದು ಸತ್ತಿರುವ ಸಂಭವ ತೀರಾ ಕಡಿಮೆ. ಆರ್ದ್ರಾವೂ ಬಹುಮಟ್ಟಿಗೆ ಈಗಲೂ ಇದ್ದೇ ಇದೆ.

ನೋಡಲು ಹೊರಡುವವರಿಗೆ ದುಬಾರಿ ಉಪಕರಣ ಬೇಡ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಊರ ದೀಪಗಳಿಂದ ದೂರದ ಜಾಗ, ಮತ್ತು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬೇಕಾದ ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಅರ್ಧ ಗಂಟೆ ವ್ಯರ್ಥ. ಬೆಂಗಳೂರಿನ ಒಳಗಿನಿಂದ ಆರ್ದ್ರಾ, ರೈಜೆಲ್, ಲುಬ್ಧಕ, ರೋಹಿಣಿಗಳ ಬಣ್ಣಗಳನ್ನು ಹೋಲಿಸಬಹುದು, ನೀಹಾರಿಕೆಯನ್ನು ಸವಿಯಲಾಗದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೊಡ್ಡ ದೂರದರ್ಶಕಗಳು ತಮಿಳುನಾಡಿನ ಕಾವಲೂರಿನಲ್ಲೂ ಲಡಾಖಿನ ಹಾನ್ಲೆಯಲ್ಲೂ ಇರುವುದಕ್ಕೆ ಈ ಬೆಳಕಿನ ಕಾಟವೂ ಒಂದು ಕಾರಣ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. 10×50ರ ಸಾಧಾರಣ ದುರ್ಬೀನಿನಲ್ಲಿ ಕೃತ್ತಿಕೆ ತುಂಬಿಕೊಂಡು ಕಾಣುತ್ತದೆ, ಮಹಾವ್ಯಾಧ ನೀಹಾರಿಕೆಗೆ ರೆಕ್ಕೆಯಂಥ ಆಕಾರ ಬರುತ್ತದೆ. ಆ ಮಸುಕನ್ನು ನೇರವಾಗಿ ದಿಟ್ಟಿಸುವ ಬದಲು ತುಸು ಪಕ್ಕಕ್ಕೆ ನೋಡಿದರೆ ಹೆಚ್ಚು ವಿವರ ಸಿಗುತ್ತದೆ, ಏಕೆಂದರೆ ಕ್ಷೀಣ ಬೆಳಕನ್ನು ಗ್ರಹಿಸುವ ಕೋಶಗಳು ಕಣ್ಣಿನ ನಡುವಿಗಿಂತ ಅಂಚಿನಲ್ಲಿ ಹೆಚ್ಚಾಗಿವೆ. ಫೋಟೊಗಳಲ್ಲಿರುವ ಗುಲಾಬಿ ಬಣ್ಣವನ್ನು ನಿರೀಕ್ಷಿಸಬಾರದು, ಕಣ್ಣಿಗೆ ಅದು ಬೂದು ಮಾತ್ರ. ಏಡಿ ನೀಹಾರಿಕೆಯ ಮಬ್ಬಾದ ಕಲೆಯನ್ನು ಚೆನ್ನಾಗಿ ನೋಡಲು ನಾಲ್ಕು ಇಂಚಿನ ದೂರದರ್ಶಕ ಬೇಕು.

ಬರಿಗಣ್ಣಿನಿಂದಲೇ ಮಾಡಬಹುದಾದ, ವಿಜ್ಞಾನಕ್ಕೂ ಉಪಯೋಗವಾಗುವ ಕೆಲಸವೆಂದರೆ ಆರ್ದ್ರಾದ ಹೊಳಪನ್ನು ಅಂದಾಜು ಮಾಡುವುದು. ಸುಮಾರು 400 ದಿನಗಳ ಆವರ್ತದಲ್ಲಿ, ಅಷ್ಟೇನೂ ಕ್ರಮಬದ್ಧವಲ್ಲದೆ, ಅದರ ಹೊಳಪು ಏರಿಳಿಯುತ್ತದೆ. ಪೂರ್ವಕ್ಕಿರುವ ಪ್ರೊಸಿಯಾನ್‌ಗಿಂತ ಕಡಿಮೆಯೇ, ಪಶ್ಚಿಮದ ರೋಹಿಣಿಗಿಂತ ಹೆಚ್ಚೇ ಎಂದು ಹೋಲಿಸಿ ಬರೆದಿಟ್ಟುಕೊಂಡರೆ ಸಾಕು. ಮೂರೂ ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವ ಹೊತ್ತನ್ನು ಆರಿಸಿಕೊಳ್ಳಬೇಕು, ದಿಗಂತದ ಬಳಿ ಇರುವ ನಕ್ಷತ್ರವನ್ನು ವಾತಾವರಣವೇ ಮಂಕಾಗಿಸುತ್ತದೆ. 1911ರಲ್ಲಿ ಆರಂಭವಾದ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘ ಎಲ್ಲ ದೇಶಗಳ ಹವ್ಯಾಸಿಗಳಿಂದ ಇಂಥ ಅಂದಾಜುಗಳನ್ನು ಸ್ವೀಕರಿಸುತ್ತದೆ. 2019-20ರ ಮಂಕಾಗುವಿಕೆ ಎಷ್ಟು ಅಸಾಮಾನ್ಯವೆಂದು ತೂಗಿ ನೋಡಲು ನೆರವಾದ ಹಳೆಯ ದಾಖಲೆಗಳಲ್ಲಿ ದೊಡ್ಡ ಪಾಲು ಇಂಥ ಬರಿಗಣ್ಣಿನ ಟಿಪ್ಪಣಿಗಳದು.